ಧಾತು ವರ್ಷದಲ್ಲಿ ಮೊಬೈಲ್ ಇದ್ದಿದ್ದರೆ? ಶಿಕ್ಷಣ ಇಲಾಖೆಗೂ ನಮ್ಮ ಮೇಷ್ಟ್ರುಗಳಿಗೂ ಒಂದು ಬಹಿರಂಗ ಪತ್ರ

ಶಾಲಾ ಶಿಕ್ಷಣ ಇಲಾಖೆಯ ಅಧಿಕಾರಿಗಳಿಗೆ, ಪಠ್ಯಪುಸ್ತಕ ರಚಿಸುವ ವಿದ್ವಾಂಸರಿಗೆ, ಹೈಸ್ಕೂಲುಗಳಲ್ಲಿ ಸಮಾಜ ವಿಜ್ಞಾನ ಮತ್ತು ವಿಜ್ಞಾನ ಹೇಳಿಕೊಡುವ ಮೇಷ್ಟ್ರು-ಮೇಡಂಗಳಿಗೆ,

ನಮಸ್ಕಾರಗಳು.

‘ಆ ಕಾಲದಲ್ಲಿ ಮೊಬೈಲ್ ಇದ್ದಿದ್ದರೆ?’ ಎನ್ನುವ ವಿಷಯ ಈಚೆಗೆ ಶಾಲೆಗಳ ಪ್ರಬಂಧ ಸ್ಪರ್ಧೆ, ಭಾಷಣ ಸ್ಪರ್ಧೆಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತಿದೆ. ಮಕ್ಕಳು ಬಹಳ ಹುರುಪಿನಿಂದ ಬರೆಯುತ್ತಾರೆ. ಒಬ್ಬ ಹುಡುಗ ಕಿತ್ತೂರು ಚೆನ್ನಮ್ಮನ ಕೋಟೆಯ ಮೇಲೆ ಡ್ರೋನ್ ಹಾರಿಸುತ್ತಾನೆ. ಇನ್ನೊಬ್ಬಳು ಅನುಭವ ಮಂಟಪದ ಗೋಷ್ಠಿಯನ್ನು ವಿಡಿಯೊ ಕಾಲ್‌ನಲ್ಲಿ ನಡೆಸುತ್ತಾಳೆ. ಓದುವುದಕ್ಕೆ ಸಂತೋಷವೇ. ಮಕ್ಕಳ ಕಲ್ಪನೆಗೆ ಕಡಿವಾಣ ಹಾಕಿ ಎಂದು ಕೇಳಲು ನಾನು ಈ ಪತ್ರ ಬರೆಯುತ್ತಿಲ್ಲ.

ಬರೆಯಲು ಕಾರಣ ಒಂದು ವಾಕ್ಯ. ನಾನು ತೀರ್ಪುಗಾರನಾಗಿ ಕೂತಿದ್ದ ಸ್ಪರ್ಧೆಯೊಂದರಲ್ಲಿ ಎಂಟನೇ ತರಗತಿಯ ಹುಡುಗಿಯೊಬ್ಬಳು ಬರಗಾಲದ ಬಗ್ಗೆ ಬರೆದಿದ್ದಳು. ಹಿಂದಿನ ಕಾಲದಲ್ಲಿ ಬರ ಬಂದರೆ ಜನ ಸಾಯುತ್ತಿದ್ದರು, ಏಕೆಂದರೆ ಸುದ್ದಿ ಮುಟ್ಟಿಸುವ ಸಾಧನ ಇರಲಿಲ್ಲ. ಮೊಬೈಲ್ ಇದ್ದಿದ್ದರೆ ಸರ್ಕಾರಕ್ಕೆ ಕೂಡಲೇ ಗೊತ್ತಾಗಿ ಯಾರೂ ಹಸಿವಿನಿಂದ ಸಾಯುತ್ತಿರಲಿಲ್ಲ ಎಂದು ಅವಳ ವಾದ. ಮುದ್ದಾದ ಅಕ್ಷರ, ತಪ್ಪಿಲ್ಲದ ಕನ್ನಡ. ಆ ಮಗುವಿನ ಮೇಲೆ ನನಗೆ ಯಾವ ದೂರೂ ಇಲ್ಲ. ಅವಳು ಹಾಗೆ ನಂಬಿರುವುದು ದೊಡ್ಡವರಾದ ನಾವು ಹಾಗೆ ನಂಬಿಸಿರುವುದರಿಂದ. ಆ ವಾಕ್ಯ ನಿಜವಲ್ಲ. ನಮ್ಮದೇ ನೆಲದಲ್ಲಿ ಅದನ್ನು ಸುಳ್ಳು ಮಾಡಿದ ಘಟನೆ, ಧಾತು ವರ್ಷದ ಬರ, ನಡೆದುಹೋಗಿದೆ, ಮತ್ತು ನಾನು ಮಾತಾಡಿಸಿದ ಮಕ್ಕಳಲ್ಲಿ ಅದರ ಹೆಸರು ಕೇಳಿದವರೇ ಇಲ್ಲ.

ನಾನು ನಿವೃತ್ತ ತಂತಿ, ಅಂದರೆ ಟೆಲಿಗ್ರಾಫ್, ನೌಕರ. ಎಪ್ಪತ್ತರ ದಶಕದಲ್ಲಿ ಕೆಲಸಕ್ಕೆ ಸೇರಿ, ಮೋರ್ಸ್ ಕೀಲಿಯಿಂದ ಟೆಲಿಪ್ರಿಂಟರ್‌ಗೆ, ಅಲ್ಲಿಂದ ಕಂಪ್ಯೂಟರ್‌ಗೆ ಬಂದವನು. ಸುದ್ದಿ ಬೇಗ ಮುಟ್ಟಿದರೆ ಏನಾಗುತ್ತದೆ, ಏನಾಗುವುದಿಲ್ಲ ಎನ್ನುವುದು ನನ್ನ ಹೊಟ್ಟೆಪಾಡಿನ ವಿಷಯವಾಗಿತ್ತು. ಆ ಸಲಿಗೆಯಿಂದಲೇ ಬರೆಯುತ್ತಿದ್ದೇನೆ.

ನಾನು ಹೇಳುತ್ತಿರುವುದು 1876ರಿಂದ 1878ರವರೆಗಿನ ಬರದ ವಿಷಯ. ಪಂಚಾಂಗದ ಲೆಕ್ಕದಲ್ಲಿ ಧಾತು ಮತ್ತು ಈಶ್ವರ ಸಂವತ್ಸರಗಳು. ಹಳೇ ಮೈಸೂರು, ಬಳ್ಳಾರಿ, ಧಾರವಾಡ, ಕಲಾದಗಿ, ಎಲ್ಲ ಕಡೆಯೂ ಮಳೆ ಕೈಕೊಟ್ಟಿತು. ಮೈಸೂರು ಸೀಮೆಯಲ್ಲಿ 1875ರ ಮಳೆಯೇ ಸರಿಯಾಗಿರಲಿಲ್ಲ. 1876ರಲ್ಲಿ ಮುಂಗಾರೂ ಹೋಯಿತು, ಹಿಂಗಾರೂ ಹೋಯಿತು. ಮಲೆನಾಡು ಹೇಗೋ ಉಸಿರು ಹಿಡಿದುಕೊಂಡಿತು. ಕೋಲಾರ, ತುಮಕೂರು, ಚಿತ್ರದುರ್ಗ, ಬೆಂಗಳೂರಿನ ಬಯಲು ಸೀಮೆ ಬೆಂದುಹೋಯಿತು. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50 ಲಕ್ಷ 55 ಸಾವಿರ. 1881ರಲ್ಲಿ 41 ಲಕ್ಷ 86 ಸಾವಿರ. ಹತ್ತು ವರ್ಷದಲ್ಲಿ ಬೆಳೆಯಬೇಕಾಗಿದ್ದ ಜನಸಂಖ್ಯೆ ಎಂಟೂವರೆ ಲಕ್ಷಕ್ಕೂ ಹೆಚ್ಚು ಕುಸಿಯಿತು. ಐದು ಜನರಿದ್ದ ಮನೆಯಲ್ಲಿ ಸರಾಸರಿ ಒಬ್ಬರು ಇಲ್ಲವಾದರು ಎಂದಿಟ್ಟುಕೊಳ್ಳಿ. ಸರಾಸರಿ ಎನ್ನುವ ಪದ ಮುಚ್ಚಿಡುವುದು ಬಹಳ. ಕೆಲವು ಹಟ್ಟಿಗಳಲ್ಲಿ ದೀಪ ಹಚ್ಚುವವರೇ ಉಳಿಯಲಿಲ್ಲ.

ಈಗ ಆ ಹುಡುಗಿಯ ಪ್ರಶ್ನೆಗೆ ಬರೋಣ. ಆಗ ಯಾವ ತಂತ್ರಜ್ಞಾನ ಇತ್ತು?

ತಂತಿ ಇತ್ತು. 1850ರ ದಶಕದಲ್ಲೇ ಮುಂಬಯಿ-ಮದರಾಸು ತಂತಿ ಮಾರ್ಗ ಬೆಂಗಳೂರಿನ ಮೇಲೆ ಹಾದುಹೋಗಿತ್ತು. 1870ರಲ್ಲಿ ಸಮುದ್ರದಡಿಯ ಕೇಬಲ್ ಬಂದು ಮುಂಬಯಿಗೂ ಇಂಗ್ಲೆಂಡಿಗೂ ನೇರ ಸಂಪರ್ಕವಾಯಿತು. ಹಡಗಿನಲ್ಲಿ ವಾರಗಟ್ಟಲೆ ಹಿಡಿಯುತ್ತಿದ್ದ ಸುದ್ದಿ ಗಂಟೆಗಳಲ್ಲಿ ಲಂಡನ್ ಮುಟ್ಟುತ್ತಿತ್ತು. ರೈಲು ಇತ್ತು. ಬೆಂಗಳೂರು-ಜೋಲಾರ್‌ಪೇಟೆ ಮಾರ್ಗ 1864ರಲ್ಲೇ ತೆರೆದು ಮದರಾಸಿನ ಬಂದರಿಗೆ ಬೆಂಗಳೂರನ್ನು ಸೇರಿಸಿತ್ತು. ಮುಂಬಯಿ ಮತ್ತು ಮದರಾಸಿನ ರೈಲು ಹಳಿಗಳು 1871ರಲ್ಲಿ ರಾಯಚೂರಿನಲ್ಲಿ ಕೂಡಿದ್ದವು. ಹವಾಮಾನ ಇಲಾಖೆಯೂ ಇತ್ತು. ಅದು ಹುಟ್ಟಿದ್ದು 1875ರಲ್ಲಿ, ಬರಕ್ಕೆ ಬರೀ ಒಂದು ವರ್ಷ ಮೊದಲು. ಅದರ ಮುಖ್ಯಸ್ಥ ಹೆನ್ರಿ ಬ್ಲ್ಯಾನ್‌ಫೋರ್ಡ್ ದೇಶದ ಮೂಲೆ ಮೂಲೆಯಿಂದ ವಾಯುಭಾರದ ಅಂಕಿಗಳನ್ನು ತರಿಸಿಕೊಳ್ಳುತ್ತಿದ್ದರು. ಇನ್ನು ಟೆಲಿಫೋನಿಗೆ ಅಲೆಕ್ಸಾಂಡರ್ ಗ್ರಹಾಂ ಬೆಲ್ ಪೇಟೆಂಟ್ ಪಡೆದದ್ದು 1876ರ ಮಾರ್ಚ್‌ನಲ್ಲಿ. ಅಂದರೆ ಮೊಬೈಲಿನ ಮುತ್ತಜ್ಜ ಹುಟ್ಟಿದ್ದು ಧಾತು ವರ್ಷದ ಹೊಸ್ತಿಲಲ್ಲೇ.

ಆ ಕಾಲದ ಲೆಕ್ಕಕ್ಕೆ ಇವೆಲ್ಲ ಹೊಚ್ಚ ಹೊಸವು. ರೈಲು ಬಂದ ಮೇಲೆ ಬರ ಎನ್ನುವುದೇ ಇರುವುದಿಲ್ಲ ಎಂದು ಆಗಿನ ದೊಡ್ಡವರು ಬರೆದರು, ಭಾಷಣ ಮಾಡಿದರು. ನಮ್ಮ ಹುಡುಗಿ ಬರೆದ ವಾಕ್ಯಕ್ಕೂ ಅವರ ಮಾತಿಗೂ ನನಗೆ ವ್ಯತ್ಯಾಸ ಕಾಣುತ್ತಿಲ್ಲ.

ಸರ್ಕಾರಕ್ಕೆ ಗೊತ್ತಿರಲಿಲ್ಲವೇ? ಗೊತ್ತಿತ್ತು. 1876ರ ಚಳಿಗಾಲದ ಹೊತ್ತಿಗೆ ಮದರಾಸು, ಕಲ್ಕತ್ತಾ, ಲಂಡನ್ ಮೂರೂ ಕಡೆ ಗೊತ್ತಿತ್ತು. ಮದರಾಸು ಸರ್ಕಾರ ಗುಟ್ಟಾಗಿ 30 ಸಾವಿರ ಟನ್ ಧಾನ್ಯ ಕೊಂಡಿಟ್ಟಿತು. ಸುದ್ದಿ ತಿಳಿದ ವೈಸರಾಯ್ ಲಾರ್ಡ್ ಲಿಟ್ಟನ್, ಸರ್ಕಾರ ಧಾನ್ಯದ ವ್ಯಾಪಾರದಲ್ಲಿ ಕೈ ಹಾಕಕೂಡದು, ಬೆಲೆಯನ್ನು ಪೇಟೆಗೆ ಬಿಡಬೇಕು ಎಂದು ತಡೆದರು. 1877ರ ಜನವರಿ 1ರಂದು ದಿಲ್ಲಿಯಲ್ಲಿ ವಿಕ್ಟೋರಿಯಾ ರಾಣಿಯನ್ನು ಚಕ್ರವರ್ತಿನಿ ಎಂದು ಸಾರುವ ದರ್ಬಾರು ನಡೆಯಿತು. ಅದೇ ತಿಂಗಳು ಸರ್ ರಿಚರ್ಡ್ ಟೆಂಪಲ್ ವೈಸರಾಯ್ ಸರ್ಕಾರದ ಪ್ರತಿನಿಧಿಯಾಗಿ ದಕ್ಷಿಣಕ್ಕೆ ಬಂದು, ಬರಗಾಲದ ಕಾಮಗಾರಿಯಲ್ಲಿ ಕಲ್ಲು ಒಡೆಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯದ ಬೆಲೆ ಮತ್ತು ಮೇಲೆ ಚಿಲ್ಲರೆ ಕಾಸು ಸಾಕು ಎಂದು ಗೊತ್ತುಮಾಡಿದರು. ಒಂದು ಪೌಂಡು ಎಂದರೆ ಸುಮಾರು 450 ಗ್ರಾಂ. ಬೇಳೆ ಇಲ್ಲ, ಸೊಪ್ಪಿಲ್ಲ, ಇಡೀ ದಿನ ಮಣ್ಣು ಹೊರುವ ಕೆಲಸ. ಇಷ್ಟರಲ್ಲಿ ಮನುಷ್ಯ ಬದುಕುವುದಿಲ್ಲ ಎಂದು ಮದರಾಸಿನ ನೈರ್ಮಲ್ಯ ಆಯುಕ್ತ ಡಾ. ಕಾರ್ನಿಷ್ ಅಂಕಿ ಅಂಶ ಇಟ್ಟು ಜಗಳವಾಡಿದರು. ತಿಂಗಳುಗಳು ಕಳೆದ ಮೇಲೆ ಕೂಲಿ ಸ್ವಲ್ಪ ಏರಿತು. ಅಷ್ಟರಲ್ಲಿ ಎಷ್ಟೋ ಜನ ಹೋಗಿಬಿಟ್ಟಿದ್ದರು. ಈ ಆದೇಶ, ಆಕ್ಷೇಪಗಳಲ್ಲಿ ತುರ್ತಿನವು ತಂತಿಯ ಮೇಲೇ ಓಡಾಡಿದವು. ನನ್ನಂಥವರೇ ಕೂತು ಅವನ್ನು ಕಳಿಸಿರಬೇಕು.

ಮೇಷ್ಟ್ರೇ, ಇಲ್ಲಿ ಒಂದು ನಿಮಿಷ ನಿಲ್ಲಿ. ಇದೇ ರಿಚರ್ಡ್ ಟೆಂಪಲ್ ಮೂರು ವರ್ಷ ಹಿಂದೆ, 1873-74ರಲ್ಲಿ, ಬಿಹಾರದ ಬರ ಪರಿಹಾರ ನೋಡಿಕೊಂಡವರು. ಆಗಿನ ವೈಸರಾಯ್ ಲಾರ್ಡ್ ನಾರ್ತ್‌ಬ್ರೂಕ್. ಬರ್ಮಾದಿಂದ ಸುಮಾರು ನಾಲ್ಕೂವರೆ ಲಕ್ಷ ಟನ್ ಅಕ್ಕಿ ತರಿಸಿ ಊರೂರಿಗೆ ಮುಟ್ಟಿಸಿದರು. ಅಲ್ಲಿ ಹಸಿವಿನಿಂದ ಸತ್ತವರು ಬೆರಳೆಣಿಕೆಯಷ್ಟು. ಅದಕ್ಕೆ ಟೆಂಪಲ್ ಅವರಿಗೆ ಸಿಕ್ಕಿದ್ದು ಹೊಗಳಿಕೆಯಲ್ಲ. ದುಂದು ಮಾಡಿದ, ಬೊಕ್ಕಸ ಬರಿದು ಮಾಡಿದ ಎಂದು ಲಂಡನ್ನಿನ ಪತ್ರಿಕೆಗಳು ಅವರನ್ನು ಹರಿದು ತಿಂದವು. ಮೈಸೂರು-ಮದರಾಸಿನ ಕಡೆಗೆ ಬರುವ ಹೊತ್ತಿಗೆ ಅವರು ಪಾಠ ಕಲಿತಿದ್ದರು, ತಪ್ಪು ಪಾಠ.

ಬಿಹಾರಕ್ಕೂ ತುಮಕೂರಿಗೂ ನಡುವೆ ಯಂತ್ರ ಬದಲಾಗಲಿಲ್ಲ. ಅದೇ ಉಗಿಬಂಡಿ, ಅದೇ ತಂತಿ ಕಂಬ, ಅದೇ ಹಡಗು, ಅದೇ ಅಧಿಕಾರಿ. ಬದಲಾದದ್ದು ಏನು ಮಾಡಬೇಕು ಎನ್ನುವ ತೀರ್ಮಾನ. ಒಂದು ಕಡೆ ಜನ ಉಳಿದರು, ಇನ್ನೊಂದು ಕಡೆ ಐವರಲ್ಲಿ ಒಬ್ಬರು ಉಳಿಯಲಿಲ್ಲ. ತಂತ್ರಜ್ಞಾನ ಮತ್ತು ಇತಿಹಾಸ ಎರಡನ್ನೂ ಒಟ್ಟಿಗೆ ಕಲಿಸಲು ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ಬೇರೆ ಗೊತ್ತಿಲ್ಲ. ಅದು ನಮ್ಮ ಅಂಗಳದಲ್ಲೇ ಇದೆ.

ಇನ್ನು ತಂತಿಯ ಇನ್ನೊಂದು ಮುಖ. ಇದನ್ನು ನನ್ನ ಕೆಲಸದಿಂದಲೇ ಹೇಳುತ್ತೇನೆ. ಚಳ್ಳಕೆರೆಯಂಥ ಶೇಂಗಾ ಎಣ್ಣೆಯ ಊರಿನ ತಂತಿ ಕಚೇರಿ ಎಂದರೆ ಸುಗ್ಗಿಯಲ್ಲಿ ಬೆಳಗ್ಗೆಯಿಂದಲೇ ಮುಂಬಯಿ ದರದ ತಂತಿಗಳು. ಮಿಲ್ಲಿನ ಹುಡುಗರು ಕಿಟಕಿಯ ಪಕ್ಕ ಸೈಕಲ್ ಆನಿಸಿಕೊಂಡು ಕಾಯುತ್ತಿದ್ದರು. ಕಾಗದ ಕೈಗೆ ಬಿದ್ದ ತಕ್ಷಣ ಪೆಡಲ್ ತುಳಿದು ಮಾಯ. ಎಕ್ಸ್‌ಪ್ರೆಸ್ ತಂತಿಗೆ ದುಪ್ಪಟ್ಟು ಕಾಸು. ಮಂಡಿಯವರಿಗೆ ಅದು ಲೆಕ್ಕವೇ ಅಲ್ಲ. ರಾತ್ರಿಯೆಲ್ಲ ಗಾಡಿ ಹೊಡೆದುಕೊಂಡು ಬಂದು ಮಾರ್ಕೆಟ್ ಯಾರ್ಡಿನಲ್ಲಿ ಚೀಲದ ಮೇಲೆ ಮಲಗಿದ್ದ ರೈತನಿಗೆ ಮುಂಬಯಿ ದರ ಏರಿದ್ದು ತಿಳಿಯುತ್ತಿದ್ದುದು ಹರಾಜು ಮುಗಿದ ಮೇಲೆ. ತಂತಿ ಎಲ್ಲರಿಗೂ ಸೇರಿದ್ದು, ಕಚೇರಿ ಸರ್ಕಾರದ್ದು, ಬಾಗಿಲು ತೆರೆದೇ ಇತ್ತು. ಆದರೂ ಆ ಸುದ್ದಿ ಅವನದಾಗಲಿಲ್ಲ.

ಧಾತು ವರ್ಷದಲ್ಲಿ ಇದೇ ನಡೆಯಿತು, ನೂರು ಪಾಲು ಕ್ರೂರವಾಗಿ. ಒಂದು ಊರಿನಲ್ಲಿ ದರ ಏರಿದರೆ ತಂತಿಯ ದೆಸೆಯಿಂದ ಸುತ್ತಲ ಪೇಟೆಗಳಲ್ಲೆಲ್ಲ ಅಂದೇ ಏರಿತು. ರೈಲು ಧಾನ್ಯವನ್ನು ಬರದ ಸೀಮೆಗೆ ತಂದದ್ದೂ ನಿಜ, ಬರದ ಸೀಮೆಯಿಂದ ಹೆಚ್ಚು ದುಡ್ಡು ಕೊಡುವ ಕಡೆಗೆ ಒಯ್ದದ್ದೂ ನಿಜ. ಆ ವರ್ಷಗಳಲ್ಲೂ ಭಾರತದಿಂದ ಇಂಗ್ಲೆಂಡಿಗೆ ಗೋಧಿ ಹೋಗುವುದು ನಿಲ್ಲಲಿಲ್ಲ. ಮದರಾಸಿನ ಸಮುದ್ರ ದಂಡೆಯಲ್ಲಿ ಮೂಟೆಗಳ ರಾಶಿ ಬಿದ್ದಿತ್ತು. ಬೆಂಗಳೂರಿನಿಂದ ಆಚೆಗೆ, ತುಮಕೂರು, ಚಿತ್ರದುರ್ಗದ ಕಡೆಗೆ, ರೈಲಿರಲಿಲ್ಲ. ಎತ್ತಿನ ಗಾಡಿಯೇ ಗತಿ. ಮೇವಿಲ್ಲದೆ ಎತ್ತುಗಳು ಮೊದಲೇ ಸತ್ತಿದ್ದವು. ಎತ್ತು ಉಳಿದ ಕಡೆ ಕೊಳ್ಳುವವನ ಕೈಯಲ್ಲಿ ಕಾಸಿರಲಿಲ್ಲ. ಹೊಲದ ಕೂಲಿ ನಿಂತಿತ್ತು, ಮಗ್ಗ ನಿಂತಿತ್ತು. ಕಣ್ಣೆದುರಿಗೆ ಧಾನ್ಯವಿದ್ದರೂ ಕೊಳ್ಳಲಾಗದೆ ಜನ ಸತ್ತರು. ಅಂಥವನ ಕೈಗೆ ಸ್ಮಾರ್ಟ್‌ಫೋನ್ ಕೊಟ್ಟರೆ ಅದರಲ್ಲಿ ಅವನು ನೋಡುವುದು ತನಗೆ ಎಟುಕದ ರಾಗಿಯ ದರವನ್ನೇ.

ತಂತಿಯಿಂದ ಒಳ್ಳೆಯದೂ ಆಯಿತು, ಅದನ್ನು ಮರೆಸಬಾರದು. 1877ರ ಆಗಸ್ಟ್ 4ರಂದು ಮದರಾಸಿನಲ್ಲಿ ಸಾರ್ವಜನಿಕ ಸಭೆ ಸೇರಿ ಲಂಡನ್ನಿನ ಮೇಯರ್‌ಗೆ ನೆರವು ಬೇಡಿ ತಂತಿ ಕೊಟ್ಟರು. ಅಲ್ಲಿಯ ಜನಸಾಮಾನ್ಯರು ಲಕ್ಷಗಟ್ಟಲೆ ಪೌಂಡು ಕೂಡಿಸಿ ಕಳಿಸಿದರು. ಮಳೆ ಬಂದ ಮೇಲೆ ರೈತರು ಬೀಜ ಕೊಂಡಿದ್ದು, ಎತ್ತು ಕೊಂಡಿದ್ದು ಆ ಹಣದಲ್ಲಿ. ಒಂದೇ ತಂತಿಯ ಮೇಲೆ ದರವೂ ಹೋಯಿತು, ಅಳುವೂ ಹೋಯಿತು. ಯಾವುದು ಮೊದಲು ಹೋಗಬೇಕು ಎಂದು ತಾಮ್ರಕ್ಕೆ ಗೊತ್ತಿರುವುದಿಲ್ಲ. ನನ್ನ ಕಾಲದಲ್ಲಿ ಅದನ್ನು ಹೇಳುವ ನಿಯಮ ಇತ್ತು: ಸಾವಿನ ಸುದ್ದಿಯ ತಂತಿಗೆ ಆದ್ಯತೆ. ಮಂಡಿಯವರು ಎಷ್ಟೇ ಗಡಿಬಿಡಿ ಮಾಡಲಿ, ‘ತಂದೆ ತೀರಿಕೊಂಡರು, ಕೂಡಲೇ ಹೊರಡಿ’ ಎನ್ನುವ ಕಾಗದ ಮೇಜಿಗೆ ಬಂದರೆ ಶೇಂಗಾದ ದರ ಪಕ್ಕಕ್ಕೆ ಸರಿಯಬೇಕು. ಯಾರೋ ಕೂತು ಯೋಚಿಸಿ ಬರೆದ ನಿಯಮ ಅದು. ಅದನ್ನು ಪಾಲಿಸುವಾಗ ನನಗೆ ನನ್ನ ಕೆಲಸದ ಬಗ್ಗೆ ಹೆಮ್ಮೆ ಆಗುತ್ತಿತ್ತು, ಈಗಲೂ ಇದೆ.

ಬರದ ವಿಷಯದಲ್ಲಿ ಅಂಥ ನಿಯಮ ಬಂದದ್ದು ಲಕ್ಷಾಂತರ ಜನ ಸತ್ತ ಮೇಲೆ. 1877ರ ಸೆಪ್ಟೆಂಬರಿನಲ್ಲಿ ಮೈಸೂರಿಗೆ ಕ್ಷಾಮ ಆಯುಕ್ತರಾಗಿ ಬಂದು ಗಂಜಿ ಕೇಂದ್ರಗಳನ್ನೂ ಕಾಮಗಾರಿಗಳನ್ನೂ ಹೊಸದಾಗಿ ಹೊಂದಿಸಿದ ಚಾರ್ಲ್ಸ್ ಎಲಿಯಟ್ ಮುಂದೆ ಕ್ಷಾಮ ಆಯೋಗದ ಕಾರ್ಯದರ್ಶಿಯಾದರು. ಆಯೋಗ 1880ರಲ್ಲಿ ವರದಿ ಕೊಟ್ಟಿತು, 1883ರಲ್ಲಿ ಕ್ಷಾಮ ಸಂಹಿತೆ ಬಂತು. ಧಾನ್ಯದ ದರ ಏರುತ್ತಿದೆಯೇ, ಜನ ಗುಳೆ ಹೊರಟಿದ್ದಾರೆಯೇ, ಸಣ್ಣ ಪುಟ್ಟ ಕಳವು ಹೆಚ್ಚಿದೆಯೇ ಎಂದು ನೋಡಿ, ಇಂಥ ಗುರುತು ಕಂಡರೆ ಕಾಮಗಾರಿ ತೆರೆಯಿರಿ, ಕೂಲಿಯನ್ನು ಧಾನ್ಯದ ದರದ ಜೊತೆ ಏರಿಸಿ, ಕೈಲಾಗದವರಿಗೆ ಕೆಲಸವಿಲ್ಲದೆಯೇ ಅನ್ನ ಕೊಡಿ ಎಂದು ಅಧಿಕಾರಿಗೆ ಅದು ಹೇಳಿತು. ಅದನ್ನು ಎಲ್ಲ ಕಡೆ ಎಲ್ಲ ಕಾಲದಲ್ಲೂ ಪಾಲಿಸಿದರು ಎಂದು ನಾನು ಹೇಳುತ್ತಿಲ್ಲ. ಆದರೂ 1876ಕ್ಕೆ ಏನಾದರೊಂದನ್ನು ಹಿಂದಕ್ಕೆ ಕಳಿಸಬಹುದು ಎನ್ನುವುದಾದರೆ, ನಾನು ಮೊಬೈಲ್ ಟವರ್ ಬಿಟ್ಟು ಆ ಪುಸ್ತಕವನ್ನೇ ಕಳಿಸುತ್ತೇನೆ, ಅದರ ಕೂಲಿಯ ದರವನ್ನು ಇನ್ನೂ ಮೇಲಕ್ಕೆ ತಿದ್ದಿ.

ಇನ್ನೂ ಒಂದನ್ನು ಕಳಿಸುತ್ತೇನೆ. ಇಲ್ಲಿ ನಮ್ಮ ಹುಡುಗಿಯ ಮಾತಿನಲ್ಲಿ ಸತ್ಯವಿದೆ. ಬರದಲ್ಲಿ ಬರೀ ಹಸಿವಿನಿಂದ ಸತ್ತವರಿಗಿಂತ ಕಾಲರಾ, ಆಮಶಂಕೆ, ಜ್ವರಗಳಿಂದ ಸತ್ತವರು ಹೆಚ್ಚು. ಗಂಜಿ ಕೇಂದ್ರದ ಸುತ್ತ ಸಾವಿರಾರು ಜನ ಸೇರಿದರು, ಬತ್ತಿದ ಕೆರೆಯ ರಾಡಿ ನೀರು ಕುಡಿದರು. ಕಾಲರಾ ಬಂದವನಿಗೆ ವಾಂತಿ ಭೇದಿಯಲ್ಲಿ ಮೈಯ ನೀರೆಲ್ಲ ಹೋಗಿ ಒಂದೇ ದಿನದಲ್ಲಿ ಜೀವ ಹೋಗುತ್ತಿತ್ತು. ಅದಕ್ಕೆ ಮದ್ದು ಒಂದು ಲೀಟರ್ ಶುದ್ಧ ನೀರು, ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಬನ್‌ಗಾಂವ್ ಶಿಬಿರದಲ್ಲಿ ಸಲೈನ್ ಬಾಟಲಿ ಮುಗಿದಾಗ ಡಾ. ದಿಲೀಪ್ ಮಹಲನಬೀಸ್ ಸಕ್ಕರೆ-ಉಪ್ಪಿನ ನೀರನ್ನು ಡ್ರಮ್ಮುಗಳಲ್ಲಿ ಕಲಸಿಟ್ಟು, ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿದರು. ನೂರಕ್ಕೆ ಮೂವತ್ತರಷ್ಟಿದ್ದ ಸಾವು ನಾಲ್ಕಕ್ಕಿಂತ ಕೆಳಗೆ ಇಳಿಯಿತು. 1877ರಲ್ಲಿ ಬೆಲ್ಲ ಇತ್ತು, ಉಪ್ಪು ಇತ್ತು, ನೀರು ಕಾಯಿಸಲು ಪುಳ್ಳೆ ಇತ್ತು. ಈ ತಿಳಿವಳಿಕೆ ಒಂದಿರಲಿಲ್ಲ. ಕಾಲರಾದ ಸೂಕ್ಷ್ಮಾಣುವನ್ನು ಜರ್ಮನ್ ವಿಜ್ಞಾನಿ ರಾಬರ್ಟ್ ಕಾಕ್ ಕಲ್ಕತ್ತಾದಲ್ಲಿ ಖಚಿತಪಡಿಸಿದ್ದೇ 1884ರಲ್ಲಿ. ಆಗ ಈ ತಂತ್ರಜ್ಞಾನ ಇದ್ದಿದ್ದರೆ ಎಂದು ಮನಸಾರೆ ಹಂಬಲಿಸಬಹುದಾದದ್ದು ಇದು. ವಿಜ್ಞಾನದ ಮೇಷ್ಟ್ರುಗಳಿಗೆ ನನ್ನ ಮನವಿ: ಕಲ್ಪನೆಯ ಪಾಠ ಮಾಡುವಾಗ ಪರದೆ ಇರುವ ವಸ್ತುಗಳನ್ನಷ್ಟೇ ತಂತ್ರಜ್ಞಾನ ಎನ್ನಬೇಡಿ. ಉಪ್ಪು-ಸಕ್ಕರೆಯ ಆ ಪೊಟ್ಟಣವನ್ನೂ ಮೇಜಿನ ಮೇಲಿಡಿ.

ಆ ಕಾಲದ ಜನರ ಕೈಯಲ್ಲಿದ್ದ ತಂತ್ರಜ್ಞಾನವನ್ನೂ ಮಕ್ಕಳು ನೋಡಬೇಕು. ನಮ್ಮ ಸೀಮೆಯಲ್ಲಿ ಅದರ ಹೆಸರು ಹಗೇವು. ಗಟ್ಟಿ ನೆಲದಲ್ಲಿ ಕೊರೆದ ಗುಳಿ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟೇ ಕಿರಿದು, ಒಳಗೆ ಹೂಜಿಯಂತೆ ಅಗಲ. ಗೋಡೆಗೆ ಹುಲ್ಲು ಒತ್ತಿ ರಾಗಿ ಸುರಿದು, ಬಾಯಿಗೆ ಚಪ್ಪಡಿ ಮುಚ್ಚಿ, ಮೇಲೆ ಮಣ್ಣು ಬಿಗಿದರೆ ಗಾಳಿಯಾಡದೆ ಹುಳು ಹಿಡಿಯದೆ ವರ್ಷಗಟ್ಟಲೆ ಕೆಡುವುದಿಲ್ಲ. ತೆಗೆದ ದಿನ ಯಾರೂ ತಕ್ಷಣ ಇಳಿಯುವುದಿಲ್ಲ. ಬಾಯಿ ತೆರೆದು ಬಿಟ್ಟು, ಆಮೇಲೆ ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಡುತ್ತಾರೆ. ದೀಪ ಆರಿದರೆ ಒಳಗೆ ಇನ್ನೂ ಉಸಿರಾಡುವ ಗಾಳಿಯಿಲ್ಲ ಎಂದು ಅರ್ಥ. ಉರಿಯುತ್ತಿದ್ದರೆ ಆಳು ಇಳಿಯಬಹುದು. ಇದು ಇಂಗಾಲದ ಡೈ ಆಕ್ಸೈಡಿನ ಪಾಠ, ಧಾನ್ಯ ರಕ್ಷಣೆಯ ಪಾಠ, ವಿಮೆಯ ಪಾಠ ಮೂರೂ ಹೌದು. ಒಂದು ವರ್ಷದ ಬರವನ್ನು ಊರು ತಾಳಿಕೊಳ್ಳುತ್ತಿದ್ದುದು ಇದರಿಂದ. ಆದರೆ ಹಗೇವು ಇರುತ್ತಿದ್ದುದು ಹೊಲ ಇದ್ದವರ ಮನೆಯಲ್ಲಿ. ಒಂದರ ಹಿಂದೊಂದು ಮಳೆ ಹೋದಾಗ ಅವರ ಗುಳಿಯೂ ತಳ ಕಂಡಿತು. ಹೊಲವೇ ಇಲ್ಲದ ಕೂಲಿಯವರು, ಊರಾಚೆಯ ಕೇರಿಯವರು ಮೊದಲ ದಿನದಿಂದಲೇ ಬಯಲಲ್ಲಿದ್ದರು. ಹಳೆಯದನ್ನೆಲ್ಲ ಚಿನ್ನ ಎನ್ನುವವರಿಗೂ ನಾನು ಇದನ್ನೇ ಹೇಳುವುದು. ಹಗೇವನ್ನು ಮೆಚ್ಚಿ, ಅದು ಯಾರ ಮನೆಯ ಮುಂದಿತ್ತು ಎಂದೂ ಕೇಳಿ.

ಈಗಿನ ಮಾತು ಎರಡೇ ಸಾಲಿನಲ್ಲಿ ಮುಗಿಯುವುದಿಲ್ಲ, ಆದರೂ ಹೇಳಲೇಬೇಕು. ಮಳೆ ನೋಡುವ ಇನ್‌ಸ್ಯಾಟ್ ಉಪಗ್ರಹಗಳನ್ನು ಹಾಸನದಿಂದ ನಿಯಂತ್ರಿಸುತ್ತೇವೆ. ದೇಶದಲ್ಲೇ ಮೊದಲು ಎನ್ನುವಂತೆ 1988ರಲ್ಲಿ ಬರ ಉಸ್ತುವಾರಿ ಕೋಶ ತೆರೆದ ರಾಜ್ಯ ನಮ್ಮದು. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕಗಳಿವೆ. 1876ರ ಬರದ ಹಿಂದೆ ಶಾಂತ ಮಹಾಸಾಗರದ ನೀರು ಬಿಸಿಯಾಗುವ ಎಲ್ ನಿನೊ ಇತ್ತು ಎಂದು ಈಗ ಗೊತ್ತು, ಅಂಥದ್ದು ಮತ್ತೆ ಬಂದರೆ ತಿಂಗಳುಗಳ ಮೊದಲೇ ತಿಳಿಯುತ್ತದೆ. ಇದೆಲ್ಲ ದೊಡ್ಡ ಸಾಧನೆ, ನನಗೆ ನಿಜವಾದ ಅಭಿಮಾನವಿದೆ. 2013ರ ಜುಲೈನಲ್ಲಿ ದೇಶದ ತಂತಿ ಸೇವೆ ನಿಂತಿತು. ಅದೇ ತಿಂಗಳು ನಮ್ಮ ರಾಜ್ಯದಲ್ಲಿ ಅನ್ನಭಾಗ್ಯ ಶುರುವಾಯಿತು, ಅದೇ ವರ್ಷ ಆಹಾರ ಭದ್ರತಾ ಕಾಯ್ದೆ ಬಂತು. ನನ್ನ ಇಲಾಖೆ ಮುಚ್ಚಿದ ದುಃಖದ ನಡುವೆಯೂ ಅನ್ನದ ಈ ವಿಷಯವೇ ಹೆಚ್ಚಿನದು ಎಂದು ಆಗಲೇ ಅನಿಸಿತ್ತು. ಹಸಿದವನು ಕೈಯೊಡ್ಡಿ ಬೇಡಬೇಕಾಗಿದ್ದುದನ್ನು ಕಾನೂನು ಅವನ ಹಕ್ಕು ಮಾಡಿತು.

ಆದರೆ ರೇಷನ್ ಅಂಗಡಿಯ ಮುಂದೆ ನಿಂತು ನೋಡಿ. ಕಳೆ ಕಿತ್ತು, ಪಾತ್ರೆ ತಿಕ್ಕಿ ಬೆರಳಿನ ಗೆರೆ ಸವೆದ ಅಜ್ಜಿಯ ಹೆಬ್ಬೆಟ್ಟನ್ನು ಯಂತ್ರ ಹಿಡಿಯುವುದಿಲ್ಲ. ಸೆರಗಿಗೆ ಒರೆಸಿಕೊಂಡು ಮತ್ತೆ ಒತ್ತುತ್ತಾಳೆ. ‘ಸರ್ವರ್ ಬಿಜಿ ಅಜ್ಜಿ, ನಾಳೆ ಬಾ’ ಎನ್ನುತ್ತಾರೆ. ಅಕ್ಕಿ ಅವಳ ಕಣ್ಣೆದುರಿಗೇ ಇದೆ, ಅವಳ ಹೆಸರು ಪಟ್ಟಿಯಲ್ಲಿದೆ, ಅವಳು ಅವಳೇ ಎಂದು ಸಾಲಿನಲ್ಲಿರುವ ಎಲ್ಲರಿಗೂ ಗೊತ್ತು. ಇಂಥ ಹೊತ್ತಿಗೆ ಬೇರೆ ದಾರಿ ಇಡಬೇಕೆಂಬ ಆದೇಶಗಳೂ ಇವೆ. ಯಂತ್ರ ಇಲ್ಲ ಎಂದರೂ ಕೊಡು ಎನ್ನುವ ಧೈರ್ಯ ಅಂಗಡಿಯವನಿಗೆ ಇರಬೇಕಾದರೆ ಅದನ್ನು ನಾವು ಶಾಲೆಯಲ್ಲೇ ಕಲಿಸಿರಬೇಕು. ಇವತ್ತು ಪ್ರಬಂಧ ಬರೆಯುತ್ತಿರುವ ಮಕ್ಕಳೇ ನಾಳೆ ಆ ಯಂತ್ರ ತಯಾರಿಸುವವರು, ಆ ಆದೇಶಕ್ಕೆ ಸಹಿ ಹಾಕುವವರು, ಆ ಅಂಗಡಿ ನಡೆಸುವವರು. ಅದಕ್ಕೇ ಇಷ್ಟು ಉದ್ದದ ಪತ್ರ.

ನನ್ನ ಕೋರಿಕೆಗಳು ದೊಡ್ಡವಲ್ಲ. ಹೈಸ್ಕೂಲಿನ ಸಮಾಜ ವಿಜ್ಞಾನದಲ್ಲಿ ಧಾತು-ಈಶ್ವರ ಬರಕ್ಕೆ ಒಂದು ಪೂರ್ತಿ ಪಾಠ ಕೊಡಿ, ಬಿಹಾರದ ಹೋಲಿಕೆಯೊಂದಿಗೆ. 1881ರಲ್ಲಿ ಬ್ರಿಟಿಷರ ಆಡಳಿತದಿಂದ ಚಾಮರಾಜೇಂದ್ರ ಒಡೆಯರಿಗೆ ರಾಜ್ಯ ಮರಳಿದಾಗ ಜೊತೆಗೆ ಬಂದದ್ದು 80 ಲಕ್ಷ ರೂಪಾಯಿಯ ಬರದ ಸಾಲ ಎನ್ನುವುದನ್ನು, ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಪ್ರಜಾಪ್ರತಿನಿಧಿ ಸಭೆ ಸೇರಿದ್ದೂ ಅದೇ ವರ್ಷ ಎನ್ನುವುದನ್ನು ಅದರ ಪಕ್ಕದಲ್ಲಿಡಿ. ಬೆಂಗಳೂರು-ಮೈಸೂರು ರೈಲಿನಲ್ಲಿ ಪ್ರವಾಸ ಹೋಗುವ ಮಕ್ಕಳಿಗೆ, ಆ ಮಾರ್ಗದ ಮಣ್ಣು ಹೊತ್ತವರಲ್ಲಿ ಬರದ ಕೂಲಿಗಳೂ ಇದ್ದರು ಎಂದು ಹೇಳಿ. ಅದು ಮೈಸೂರು ತಲುಪಿದ್ದು 1882ರಲ್ಲಿ. ಹಗೇವು ಉಳಿದಿರುವ ಊರುಗಳಿದ್ದರೆ ಅಲ್ಲಿಗೂ ಕರೆದೊಯ್ಯಿರಿ, ಹಗ್ಗಕ್ಕೆ ದೀಪ ಕಟ್ಟುವವರು ಇನ್ನೂ ಬದುಕಿರುವಾಗಲೇ.

ಸ್ಪರ್ಧೆಯ ವಿಷಯವನ್ನು ತೆಗೆಯಬೇಡಿ, ಸ್ವಲ್ಪ ತಿದ್ದಿ. ಮುಂದಿನ ಸಲ ಮಕ್ಕಳಿಗೆ ಇದನ್ನು ಕೊಟ್ಟು ನೋಡಿ:

‘ಇದು 1876ರ ನವೆಂಬರ್. ನೀವು ತುಮಕೂರು ಸೀಮೆಯ ಒಂದು ತಾಲ್ಲೂಕಿನ ಅಮಲ್ದಾರರು, ಅಂದರೆ ಈಗಿನ ತಹಶೀಲ್ದಾರರು. ನಿಮ್ಮ ಕೈಯಲ್ಲಿ ಈಗಿನ ಮೊಬೈಲ್ ಇದೆ, ಅದು ಕೆಲಸ ಮಾಡುತ್ತದೆ. ಮೇಲಿನಿಂದ ಬಂದ ಸಂದೇಶ: ಧಾನ್ಯ ಕೊಳ್ಳಕೂಡದು, ಬೆಲೆಯನ್ನು ಮುಟ್ಟಕೂಡದು, ಕಂದಾಯ ಬಿಡಕೂಡದು. ಕಚೇರಿಯ ಮುಂದೆ ಜನ ಕೂತಿದ್ದಾರೆ. ನೀವು ಯಾರಿಗೆ ಕರೆ ಮಾಡುತ್ತೀರಿ? ಏನು ಹೇಳುತ್ತೀರಿ? ಅವರು ಒಪ್ಪದಿದ್ದರೆ ಮುಂದೇನು ಮಾಡುತ್ತೀರಿ? ಎರಡು ಪುಟಕ್ಕೆ ಮೀರದಂತೆ ಬರೆಯಿರಿ.’

ಇತಿ ನಿಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ತಂತಿ ನೌಕರ
ಚಿತ್ರದುರ್ಗ ಜಿಲ್ಲೆ